ಹೊಟೇಲ ಸಾಮಾನು ಕೊಂಡು ಮಾರಲಾಗುವುದು

ಯಾವ ಹೊಟೇಲ ಮುಚ್ಚತೈತಿ ಅನ್ನೂದು
ಮಾಲಕಗಿಂತ ತಿಂಗಳ ಮೊದಲ ನನಗ ಗೊತ್ತು.
ಬಡೇಸೋಪಿನ ಬಟ್ಟಲದಾಗ ಬರೇ ಸಕ್ಕರಿ ಉಳೀತೈತಿ.
ಹುಡುಗರು ಒರಸಿದ ಟೇಬಲ್ಲನ್ನ ಮತ್ತ ಒರಸತಾರ.
ಗಲ್ಲೇದ ಮ್ಯಾಲ ಕುಂತಾಂವ
ನೋಟು ಬಿಟ್ಟು ರಸ್ತೆ ನೋಡಾಕ ಹತ್ತಿದ ಅಂದ್ರ
ನಾ ಟೆಂಪೋದ ಮಹಾಂತಗ ಫೋನ್ ಹಚ್ಚತೀನಿ.

ಗೈಬುಸಾಬ ಕಲಾಯಿಗಾರ ನನ್ನ ಹೆಸರು.
ನಮ್ಮಪ್ಪ ಶಹಾಪುರದಾಗ
ಇವ ಹೊಟೇಲುಗಳ ಹಿತ್ತಾಳಿ ಪಾತೇಲಿಗೆ ಕಲಾಯಿ ಹಾಕತಿದ್ದ.
ಸ್ಟೀಲು ಬಂತು. ಅಪ್ಪ ತಿದಿ ಮಡಚಿ ಅಟ್ಟದ ಮ್ಯಾಲ ಇಟ್ಟ.
ನಾ ಉಳಿದ ಸಾಮಾನಿಗೆ ಬಿದ್ದೆ.
ಮನ್ಯಾಗ ಉರ್ದು, ಗಿರಾಕಿ ಕೂಡ ಮರಾಠಿ,
ಬೈಯೂದು, ಲೆಕ್ಕ ಬರಿಯೂದು ಕನ್ನಡದಾಗ.

ಈ ಟೇಬಲ್ ನೋಡ್ರಿ.
ಮಾರ್ಬಲ್ ಕಲ್ಲು, ಸಾಗವಾನಿ ಕಾಲು, ಒಂದು ಮೂಲಿ ಒಡದೈತಿ.
ಮೊದಲು ಶೇರಿಗಾರರ ಸುದರ್ಶನ ರಿಫ್ರೆಶ್‌ಮೆಂಟದಾಗ ಇತ್ತು.
ಅರ್ಧ ಚಹಾಕ್ಕ ಅರ್ಧ ದಿವಸ ಕುಂದರೂ ಮಂದಿ
ಬೆಳಗಾವಿ ಯಾರದು ಅನ್ನೂದನ್ನ
ಇದರ ಮ್ಯಾಲ ದಿನಾ ಬಗಿಹರಿಸಿ
ಬಿಲ್ಲು ಯಾರು ಕೊಡೂದು ಅಂತ ಜಗಳಾಡತಿದ್ರು.

ಶೇರಿಗಾರರು ಕುಂದಾಪುರಕ್ಕ ಹ್ವಾದ್ರು,
ಟೇಬಲ್ ಚಂಪವ್ವನ ಖಾನಾವಳಿಗೆ ಬಂತು.
ಬಿಸಿ ರೊಟ್ಟಿ, ಝುಣಕಾ, ಕೆಂಪಿಂಡಿ,
ಕೇಳಿದಷ್ಟು ಮಜ್ಜಗಿ.
ಆಕಿ ಜಾಗಾ ಮಾರಾಟ ಆತು,
ಟೇಬಲ್ ಸಾಂತಾನ ಫರ್ನಾಂಡಿಸನ ಬಾರಿಗೆ ಹೋತು.
ಅಲ್ಲಿ ಶೇಂಗಾ, ಉಪ್ಪು, ಸೌತಿಕಾಯಿ.
ಒಡೆದ ಮೂಲಿಗೆ ಕುಂತಾಂವ
ಗ್ಲಾಸು ಎಡಕ್ಕ ಇಡಾಕ ಕಲೀಬೇಕಾಗತಿತ್ತು.

ಆಮ್ಯಾಲ ರಸ್ತೆ ಅಗದ್ರು.
ಸ್ಮಾರ್ಟ್ ಅಂದ್ರು, ಗಟಾರ ಅಂದ್ರು, ಕೇಬಲ್ ಅಂದ್ರು,
ಮುಚ್ಚಿದ್ದನ್ನ ಮತ್ತ ಅಗದ್ರು.
ಸಾಂತಾನ ಬಾಗಿಲಿಗೆ ಒಂದು ಹಲಗಿ ಹಾಕಿದ್ದ.
ಒಳಗ ಬರೂವಾಗ ಎಲ್ಲಾರೂ ದಾಟತಿದ್ರು,
ಹೊರಗ ಹೋಗೂವಾಗ ಕೆಲವರು.
ಎರಡು ಮಳಿಗಾಲ ಕಳದ್ವು.
ಲೈಸೆನ್ಸು ಹೈವೇದ ಕಡೆ ಸರೀತು,
ಸಾಂತಾನ ಅದರ ಹಿಂದ ಸರೀಲಿಲ್ಲ.

ಈಗ ಅಲ್ಲಿ ನಾಕು ಅಂತಸ್ತು, ಗಾಜು.
ತುದಿಗೆ ಕೆಫೆ ತಗದ ಹುಡುಗ, ಟಿಳಕವಾಡಿ ಸರಾಫರ ಮೊಮ್ಮಗ,
ಒಡೆದ ಮೂಲಿ ಮ್ಯಾಲ ಕೈಯಾಡಿಸಿ
"ಇದನ್ನ ರಿಪೇರಿ ಮಾಡಬ್ಯಾಡ್ರಿ ಅಂಕಲ್" ಅಂದ.
ನಾ ಹೇಳಿದ ರೇಟು ಕೊಟ್ಟ.
ಅವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲ,
ಇನ್ನೂ ಹೇಳಬಹುದಿತ್ತು.
ಒಂಬತ್ತು ತಿಂಗಳಿಗೆ ಅಂವನೂ ರಸ್ತೆ ನೋಡಾಕ ಹತ್ತಿದ.
ನಾಕನೇ ಅಂತಸ್ತಿನಿಂದ ರಸ್ತೆ ಭಾಳ ಚೊಲೊ ಕಾಣತೈತಿ.

ಹ್ವಾದ ಮಂಗಳವಾರ ಟೇಪು ಹಿಡಕೊಂಡು
ನನ್ನ ಅಂಗಡಿಗೂ ಬಂದ್ರು.
ನಟ್ಟನಡಕ್ಕ ಕೆಂಪು ಗೀಟು ಎಳದ್ರು:
ಈ ಕಡೆ ಖುರ್ಚಿ, ಆ ಕಡೆ ಟೇಬಲ್ಲು.
"ಅರ್ಧಾ ಉಳೀತೈತಲ್ಲ ಚಾಚಾ"
ಅಂದ ಟೇಪಿನ ಹುಡುಗ, ಸಮಾಧಾನಕ್ಕ.
ನನ್ನ ಸಾಮಾನು ಯಾರು ಕೊಳ್ಳಬೇಕು?
ಫೋನಿನಾಗ ಹುಡುಕಿದೆ.
ನನ್ನ ನಂಬರ ಬಂತು.

ನಿನ್ನೆ ಚಂಪವ್ವ ಬಂದ್ಲು.
ಕೋರ್ಟಿನ ಗೋಡಿ ಹಂತ್ಯಾಕ ಗಾಡಿ ಹಚ್ಯಾಳಂತ,
ಒಂದ ಟೇಬಲ್ ಸಾಕಂತ.
ಸೀದಾ ಇದರ ಕಡೆ ಹೋದ್ಲು. ಬಗ್ಗಲಿಲ್ಲ,
ಬರೇ ಕೈ ಕೆಳಗ ಹಾಕಿ ಸವರಿದ್ಲು.
ಅಕ್ಷರ ಬರದಾಕಿ, ಉದ್ರಿ ಊಟಕ್ಕೊಂದು
ಚಾಕುವಿನ ಗೀರು ಹಾಕಿದ್ಲು ಕೆಳಗಿನ ಕಟ್ಟಿಗಿಗೆ;
ಅವು ಬಾರು, ಕೆಫೆ ಎಲ್ಲಾ ತಿರಗ್ಯಾಡಿ ಬಂದಿದ್ವು.
ಬೆರಳಿಲೆ ಎಣಿಸಿದ್ಲು.
"ಹದಿಮೂರು ಊಟ ಬರೂದೈತಿ.
ಅದರಾಗ ನಾಕು ನಿನ್ನವು, ಗೈಬು."

ರೇಟು ಹೇಳಾಕ ತಗದ ಬಾಯಿ ಹಂಗ ಉಳೀತು.
ಮಹಾಂತ ಹಗ್ಗ ಬಿಗದ.
ಟೆಂಪೋ ತಗ್ಗಿನಾಗ ಇಳಿದು ಏರೂವಾಗ
ಹಿಂದ ನಿಂತು ಒಡೆದ ಮೂಲಿ ಗಟ್ಟಿ ಹಿಡಕೊಂಡಿದ್ಲು,
ಅಲ್ಲಿಂದನ ಒದರಿದ್ಲು:
ಮಧ್ಯಾಹ್ನ ಉಣ್ಣಾಕ ಬಾ,
ರೊಕ್ಕಾ ತಗೊಂಡು.