ಎಡಗೈಯ ಬಳ್ಳಿ

ಚಾಮರಾಜಪೇಟೆಯಲ್ಲಿ ಮನೆಯೊಂದನ್ನು ಕೆಡವಿದರು.
ಅದರ ತಲೆಬಾಗಿಲ ಚೌಕಟ್ಟು
ಟೆಂಪೋದಲ್ಲಿ ಮಲಗಿ ನನ್ನ ಶೆಡ್ಡಿಗೆ ಬಂತು,
ಮೈಸೂರು ರೋಡಿನ ಟಿಂಬರ್ ಯಾರ್ಡಿನ ಹಿಂದಕ್ಕೆ,
ಹೊರಗೆ ಚಾಚಿದ ಕಾಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು.

ತೇಗ. ಐದು ಪದರ ಬಣ್ಣ ಕೆರೆದ ಮೇಲೆ ಸಿಕ್ಕಿತು ಬಳ್ಳಿ:
ಎಲೆ, ಮೊಗ್ಗು, ಮತ್ತೆ ಎಲೆ, ಕುಡಿ,
ಒಂದು ಗಿಳಿ.
ಯಾವ ಕಾಲದಲ್ಲೋ ಬೀರು ಒಳಗೆ ಸಾಗಿಸುವಾಗ
ಅದರ ಕೊಕ್ಕು ಮುರಿದಿದೆ.
ಬಲಗಡೆ ಮೊಳದುದ್ದ ಗೆದ್ದಲಿನ ಪಾಲು.
ಬಳ್ಳಿ ಅಲ್ಲಿ ಮಾತು ಮರೆತು ನಿಂತಿತ್ತು.

"ಅಷ್ಟು ಗ್ಯಾಪು ತುಂಬಿಸಿಕೊಡಿ, ಸಾಕು" ಅಂದರು ಕೊಂಡವರು,
ಇಂದಿರಾನಗರದಲ್ಲಿ ಹೋಟೆಲು ತೆರೆಯುವವರು.
"ಹೊಸದು ಅಂತ ಗೊತ್ತಾಗಬಾರದು."

ಚೀಲ ಬಿಚ್ಚಿದೆ. ಇಪ್ಪತ್ತಮೂರು ಉಳಿ.
ಚಪ್ಪಟೆ, ಓರೆ, ಉಗುರಿನಷ್ಟೇ ಬಾಗಿದ ಗೋಲುಳಿ,
ಚಮಚದ ಕುತ್ತಿಗೆಯದು,
ಮೂಲೆಗೆ ನುಗ್ಗುವ ಇಲಿಮೂತಿ.
ಈ ಹೆಸರೆಲ್ಲ ಗವಿರಂಗಾಚಾರ್ ಇಟ್ಟದ್ದು,
ಸುಲ್ತಾನ್‌ಪೇಟೆಯ ಅಟ್ಟದಲ್ಲಿ ನನಗೆ ಕಲಿಸಿದವರು.
ಮೊದಲ ಆರು ತಿಂಗಳು ಬರೀ ಸಾಣೆ ಹಿಡಿಸಿದರು.
ಹೆಣ್ಣುಮಗಳು, ಬೇಸರ ಬಂದು ಹೋಗ್ತಾಳೆ ಅಂದುಕೊಂಡಿದ್ದರಂತೆ;
ಆಮೇಲೆ ಅವರೇ ಹೇಳಿದರು, ನಗದೆ.
"ಬಿದ್ದ ಚಕ್ಕೆ ನೋಡಬೇಡ. ನಿಂತದ್ದನ್ನ ನೋಡು.
ಸುಮ್ಮನೆ ಇಟ್ಟಾರಾ ಇದಕ್ಕೆ ಉಳಿ ಅಂತ?"

ಹಳೆಯ ಎಲೆಯ ಕಚ್ಚಿಗೆ
ಒಂದೊಂದೇ ಉಳಿಯ ಬಾಯಿ ಇಟ್ಟು ನೋಡಿದೆ.
ಒಂದು ಅಗಲ. ಒಂದು ಆಳ.
ಒಂದು ಎರಡೂ ತುದಿಯಲ್ಲಿ ಕೂತು
ನಡುವೆ ಬೆಳಕು ಬಿಟ್ಟಿತು.
ಜರ್ಮನಿಯದು, ಸಾಲ ಮಾಡಿ ಕೊಂಡದ್ದು,
ಅದೂ ಕೂರಲಿಲ್ಲ.

ಹೇಗೋ ಮುಗಿಸಬಹುದಿತ್ತು.
ಉಪ್ಪುಕಾಗದ, ಪಾಲಿಶ್, ಹೋಟೆಲಿನ ಮಂದ ದೀಪ.

ಕಚ್ಚನ್ನು ಮೇಣದಲ್ಲಿ ಒತ್ತಿ ತೆಗೆದು
ಕಲಾಸಿಪಾಳ್ಯಕ್ಕೆ ಹೋದೆ, ಏಳುಮಲೈಯ ಕುಲುಮೆಗೆ.
ತಿರುಗಿಸಿ ತಿರುಗಿಸಿ ನೋಡಿದ.
"ಅಕ್ಕಾ, ಇದು ಸವೆದ ಉಳಿ.
ಒಂದೇ ಕಡೆ ಸವೆದಿದೆ, ನೋಡಿ, ಆಗಬಾರದ ಕಡೆ.
ನಿಮ್ಮೋನು ಎಡಚ."

ಲಾರಿ ಬೇರಿಂಗಿನ ಉಕ್ಕು ಕಾಸಿ, ಬಡಿದು, ಎಣ್ಣೆಗೆ ಅದ್ದಿ,
ಒಣಹುಲ್ಲಿನ ಬಣ್ಣ ಬರುವವರೆಗೆ ಮತ್ತೆ ಬಿಸಿ ಕೊಟ್ಟ.
ಹೊಸ ಉಳಿ ಸವೆದೇ ಹುಟ್ಟಿತು.

ಕೊಡತಿ ಎಡಗೈಗೆ, ಉಳಿ ಬಲಗೈಗೆ.
ಮೂರು ದಿನ ರದ್ದಿ ಹಲಗೆಯ ಮೇಲೆ ತಪ್ಪು ತಿದ್ದಿದೆ,
ಹೆಬ್ಬೆರಳು ಎರಡು ಸಲ ಜಜ್ಜಿಕೊಂಡೆ.
ಆ ನೋವಿನಲ್ಲೇ ಅವನ ನೆನಪಾದದ್ದು,
ನೋಡದವನ ನೆನಪು:
ಎಲೆಗೆ ಎಡಗೈ ಹೋದಾಗಲೆಲ್ಲ
ಸೌಟಿನ ಕಾವಿನಿಂದ ಬಿದ್ದಿರಬೇಕು ಪೆಟ್ಟು.
ಉಣ್ಣಲು ಬೇಡದ ಕೈ, ಕಾಸು ಕೊಡಲು ಬೇಡದ ಕೈ
ಹೊಸ್ತಿಲ ಮೇಲೆ ಈ ಬಳ್ಳಿ ಹಬ್ಬಿಸಿತು.
ಅದರ ಕೆಳಗೆ ಎಷ್ಟು ಜನ ಸೊಸೆಯರು
ಬಲಗಾಲು ಮುಂದಿಟ್ಟು ಒಳಗೆ ಬಂದರೋ.

ನಾಲ್ಕನೇ ದಿನ ಎಳೆ ಕೈಗೆ ಸಿಕ್ಕಿತು.
ಚಕ್ಕೆ ಸೀಳದೆ ಸುರುಳಿ ಎದ್ದಿತು,
ಹಳೇ ತೇಗದ ಕಮಟು ವಾಸನೆ,
ಹೊರಗೆ ಬಸ್ಸುಗಳ ಹಾರನ್ನು,
ಎಲೆ, ಮೊಗ್ಗು, ಮತ್ತೆ ಎಲೆ.

ಹೋಟೆಲಿನವರು ಬಂದರು, ಮೊಬೈಲ್ ದೀಪ ಹಿಡಿದು ಹುಡುಕಿದರು.
"ಎಲ್ಲಾ ಸರಿ. ಗಿಳಿ ಕೊಕ್ಕು ಯಾಕೆ ಬಿಟ್ರಿ?"
ಅದು ಬೀರು ಮಾಡಿದ ಕೆಲಸ ಅಂದೆ.
ಅದರ ಉಳಿ ನನ್ನ ಹತ್ತಿರ ಇಲ್ಲ.