ಎರಡು ನಲವತ್ನಾಲ್ಕು

ನೂರಮೂವತ್ತೇಳು ಮೀಟರ್ ಬಂಡೆಯ ಕೆಳಗೆ
ಹಗಲಿಗೂ ಇರುಳಿಗೂ ಒಂದೇ ಟ್ಯೂಬ್‌ಲೈಟು.
ಒವಿಲಾ ಗಾನ್ಯೋ ಅಲ್ಲಿ ರಾತ್ರಿಪಾಳಿಯವನು,
ಹದಿನಾರು ಟರ್ಬೈನು ಒಂದೇ ಉಸಿರಿಗೆ ಗುಂಯ್‌ಗುಡುವುದನ್ನು
ಹಲ್ಲಿನ ಬೇರಲ್ಲಿ ಕೇಳಿಸಿಕೊಳ್ಳುವವನು.

ಮಾರ್ಚ್ ಹದಿಮೂರು, ಎಂಬತ್ತೊಂಬತ್ತನೆಯ ಇಸವಿ.
ಮೇಲೆ ರಾಡಿಸನ್ ಊರಿಂದ ಹೆಂಡತಿಯ ಫೋನು:
‘ಆಕಾಶ ಕೆಂಪಗಾಗಿದೆ. ನಾಯಿ
ಒಳಗೂ ಬರಲೊಲ್ಲದು, ಹೊರಗೂ ನಿಲ್ಲಲೊಲ್ಲದು.’
‘ಬಾಗಿಲು ಹಾಕಿಕೊಂಡು ಮಲಗು’ ಎಂದ.
ಆಕಾಶ ಅವನ ಇಲಾಖೆಯಲ್ಲ.

ಮೂರು ದಿನದ ಹಿಂದೆ ಸೂರ್ಯ
ತನ್ನದೇ ಒಂದು ಗುಟುಕನ್ನು ಉಗುಳಿದ್ದ.
ಗಟ್ಟಿಯಲ್ಲ, ನೀರಲ್ಲ, ಗಾಳಿಯೆಂದರೆ ಗಾಳಿಯೂ ಅಲ್ಲ;
ಕಾವಿಗೆ ಪರಮಾಣುವೇ ಬಿರಿದು
ಎಲೆಕ್ಟ್ರಾನು ಒಂದು ಕಡೆ, ಉಳಿದದ್ದು ಒಂದು ಕಡೆ,
ಜಗಳವಾಡಿಯೂ ಒಂದೇ ಗಾಡಿ ಹತ್ತಿದ ಗಂಡಹೆಂಡಿರ ಹಾಗೆ
ಹೊರಟ ಪ್ಲಾಸ್ಮಾ.
ಹದಿನೈದು ಕೋಟಿ ಕಿಲೋಮೀಟರು ಬಯಲು.
ಬಯಲೆಂದರೆ ಬರಿದಲ್ಲ.
ನಾವು ಖಾಲಿಯೆಂದು ಕರೆದದ್ದರ ತುಂಬ
ತಂತಿಯಿಲ್ಲದೆ ಹರಿಯುವ ಕರೆಂಟು,
ಕಂಬವಿಲ್ಲ, ಮೀಟರಿಲ್ಲ, ಬಾಕಿ ಕೇಳುವವರಿಲ್ಲ.

ಭೂಮಿ ಅಯಸ್ಕಾಂತದ ಸೆರಗನ್ನು ಬಿಗಿದುಕೊಂಡಳು.
ಬಹುಪಾಲು ಪಕ್ಕಕ್ಕೆ ಸರಿಯಿತು.
ಸ್ವಲ್ಪ ಸರಿಯಲಿಲ್ಲ.
ಬಂದ ದಾರಿಗೆ ಸುಂಕವಿಲ್ಲವೆಂದು ಮರಳುವ ಜಾತಿಯದಲ್ಲ ಅದು.
ಉತ್ತರದ ನೆತ್ತಿಯ ಮೇಲೆ ಹತ್ತಿ ಉರಿಯಿತು,
ಉರಿದು ತಾನು ಅತ್ತಿತ್ತ ಹೊರಳಿದಾಗೆಲ್ಲ
ಕೆಳಗೆ ನೆಲದಲ್ಲೂ ಒಂದು ಕರೆಂಟನ್ನು ಹೊರಳಿಸಿತು.

ಕ್ವಿಬೆಕ್ಕಿನ ನೆಲವೋ ಮುದಿ ಬಂಡೆ.
ನೂರಾರು ಕೋಟಿ ವರ್ಷದ ಹಟ.
ಒಳಗೆ ಬಿಟ್ಟುಕೊಳ್ಳಲಿಲ್ಲ.
ಬಂದದ್ದು ಸುತ್ತ ತಡಕಾಡಿತು, ಸಿಕ್ಕಿತು:
ಕಾಡಿನುದ್ದ ಸಾವಿರ ಕಿಲೋಮೀಟರು
ನೆಟ್ಟಗೆ ಎಳೆದಿಟ್ಟ ತಂತಿ.
ನಾವೇ ಹಾಸಿಕೊಟ್ಟ ಹಾದಿ.

ಎರಡು ನಲವತ್ನಾಲ್ಕು. ತೊಂಬತ್ತು ಸೆಕೆಂಡು ಸಾಕಾಯಿತು.
ಟ್ರಿಪ್. ಟ್ರಿಪ್. ಮತ್ತೆ ಟ್ರಿಪ್.
ಒವಿಲಾ ಕೈಯೆತ್ತಿದ, ಯಾವ ಗುಂಡಿಗೆಂದು ತಿಳಿಯದೆ.
ಮಾಂಟ್ರಿಯಲ್ಲಿನ ಲಿಫ್ಟುಗಳು ಅಂತಸ್ತುಗಳ ನಡುವೆ ನಿಂತವು,
ಲಕ್ಷಾಂತರ ಕೋಣೆಗಳು ಮೆಲ್ಲಗೆ ತಣ್ಣಗಾಗತೊಡಗಿದವು.
ಹೊರೆ ಕಳಚಿದ ಟರ್ಬೈನುಗಳು ಕ್ಷಣಹೊತ್ತು ಹುಚ್ಚೆದ್ದು
ಒಂದೊಂದಾಗಿ ಸುಮ್ಮನಾದವು.
ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ
ಬಂಡೆಯ ಮೌನ ಅವನಿಗೆ ಕೇಳಿಸಿತು.

ಬ್ಯಾಟರಿ ಹಿಡಿದು ಬಂದವನು ಎಲೈಜಾ ಪೆಪಾಬಾನೊ.
‘ಮೇಲೆ ಕೆಂಪಂತೆ. ನಿಮ್ಮ ಕ್ರೀ ಜನ ಅದಕ್ಕೇನನ್ನುತ್ತಾರೆ?’
ಸತ್ತವರು ಕುಣಿಯುವ ಕಥೆಯೊಂದು ಸಿಕ್ಕೀತೆಂದು ಕೇಳಿದ.
ಎಲೈಜಾ ಮೂಗೊರೆಸಿಕೊಂಡ.
‘ನನ್ನಜ್ಜಿ ಆಕಾಶಕ್ಕೆ ಹೆದರಿದವಳಲ್ಲ.
ನೀವು ನದಿ ನಿಲ್ಲಿಸಿದ ದಿನ ಹೆದರಿದ್ದಳು.
ಅವಳ ಬೋನುಗಳ ಜಾಡು, ಗಂಡನ ಗೋರಿ,
ಎಲ್ಲ ನಿಮ್ಮ ಜಲಾಶಯದ ತಳದಲ್ಲಿವೆ.
ಬಾ, ಸುರಂಗದಲ್ಲಿ ನಡೆದೇ ಹೋಗಬೇಕು.’

ಹೊರಗೆ ಬಂದಾಗ ಕೆಂಪು ಇಳಿದು ಹಸಿರು ಉಳಿದಿತ್ತು,
ಯಾರೋ ಒಗೆದು ಹಿಂಡಲು ಮರೆತಂತೆ ಜೋತಾಡುತ್ತ.
ಒವಿಲಾ ಟೊಪ್ಪಿ ತೆಗೆದ. ಯಾಕೋ.
ಚಳಿಗೆ ಕಿವಿ ಸುಟ್ಟಂತಾಗಿ ಮತ್ತೆ ಹಾಕಿಕೊಂಡ.
‘ಇಷ್ಟೊಂದು ಕರೆಂಟು,’ ಎಂದ ಎಲೈಜಾ,
‘ಒಂದು ಹನಿ ನೀರನ್ನೂ ಕೇಳದೆ.’

ಮನೆಗೆ ಬಂದರೆ, ಹೇಗೂ ಹೀಟರಿಲ್ಲವೆಂದು
ಅವಳು ಬಾಗಿಲು ತೆರೆದೇ ಇಟ್ಟಿದ್ದಳು.
ಹೊಸ್ತಿಲ ಮೇಲೆ ನಿದ್ದೆಹೋಗಿತ್ತು ನಾಯಿ,
ಅರ್ಧ ಒಳಗೆ, ಅರ್ಧ ಹೊರಗೆ,
ಹೊರಗಿನ ಅರ್ಧಕ್ಕೆ ಹಿಮ ಕೂತಿತ್ತು.