ಮೂರು ಬೆರಳಿನಷ್ಟು ಗಾಳಿ

ಬನ್ನಿ, ವರ್ನಾ, ಬಾಗಿಲನ್ನು ಭುಜದಿಂದ ನೂಕಿ;
ಹಿಮ ಕರಗುವ ತಿಂಗಳು, ಮರ ಉಬ್ಬಿಕೊಂಡಿದೆ.
ಕುದುರೆ ಕೊಂಡಿರಂತೆ, ಚಾಮಾ ಊರಿಗೆಲ್ಲ ಗೊತ್ತು:
ಹದಿನೇಳು ವರ್ಷದ ಹೆಣ್ಣು, ಹುರಿದ ಗೋಧಿಯ ಬಣ್ಣ,
ಹೆಸರು ಬಿಸ್ಕೋಚಾ. ಒಳ್ಳೆಯದಾಯಿತು.
ಕಲಿಯುವವರಿಗೆ ವಯಸ್ಸಾದ ಕುದುರೆಯೇ ಮೇಷ್ಟ್ರು.

ಮೂವತ್ತೊಂದು ವರ್ಷ ಹಳದಿ ಬಸ್ಸು ಓಡಿಸಿದಿರಿ,
ನನ್ನ ಮೂವರನ್ನೂ ಹಿಮಗಟ್ಟಿದ ತಿರುವುಗಳಲ್ಲಿ
ಒಂದು ಹಲ್ಲೂ ಮುರಿಯದೆ ಮನೆಗೆ ತಂದಿರಿ.
ನಿಮಗೆ ಸುಳ್ಳು ಮಾರಲಾರೆ.

ಅದಲ್ಲ, ಆ ಬೆಳ್ಳಿಯಂಚಿನ ಜೀನು ಬಿಡಿ.
ಅದು ಮೆರವಣಿಗೆಗೆ; ಹನ್ನೆರಡು ವರ್ಷದಿಂದ
ಇಲ್ಲೇ ಕೂತು ಮೆರೆಯುತ್ತಿದೆ.
ಮೊದಲು ಕಾಲು.
ಇದೇನು, ಓಟದ ಬೂಟೇ? ಅಡಿಯಲ್ಲಿ ಉತ್ತ ಹೊಲದ ಗೀರು,
ಹಿಮ್ಮಡಿಯ ಸುಳಿವಿಲ್ಲ.
ರಿಕಾಪಿನೊಳಗೆ ಪಾದ ಪೂರ್ತಿ ತೂರಿಕೊಂಡರೆ
ಬಿದ್ದವರನ್ನು ಕುದುರೆ ಬಿಟ್ಟುಹೋಗುವುದಿಲ್ಲ,
ಎಳೆದುಕೊಂಡು ಹೋಗುತ್ತದೆ.
ಇಗೋ, ಎರಡು ಬೆರಳೆತ್ತರದ ಹಿಮ್ಮಡಿ, ಹೊಳೆಗಲ್ಲಿನಂತೆ ನುಣುಪು ಅಡಿ.
ಹೊಸದು, ಕಚ್ಚುತ್ತದೆ. ಎರಡು ವಾರ ತೊಟ್ಟುಕೊಂಡೇ
ಪಾತ್ರೆ ತೊಳೆಯಿರಿ, ಕೋಳಿಗೆ ಕಾಳು ಚೆಲ್ಲಿ;
ನಿಮ್ಮ ನಡಿಗೆ ಅದಕ್ಕೆ ಬಾಯಿಪಾಠವಾಗಲಿ.

ಜೀನ್ಸು ಹಳೆಯದೇ ಸಾಕು,
ಒಳತೊಡೆಗೆ ದಪ್ಪ ಹೊಲಿಗೆ ಮಾತ್ರ ಬೇಡ.
ಐದನೇ ಮೈಲಿಗೆ ಅದು ಹೊಲಿಗೆಯಲ್ಲ, ಗರಗಸ.

ಈಗ ಈ ಮರದ ಕುದುರೆ ಹತ್ತಿ. ನಾಚಿಕೆ ಯಾಕೆ,
ಶೆರಿಫನೂ ಏರಿ ಕೂತಿದ್ದಾನೆ, ಪಿಸ್ತೂಲಿನ ಸಮೇತ.
ಹೊಟ್ಟೆಗೂ ಮುಂದಿನ ಉಬ್ಬಿಗೂ ನಾಲ್ಕು ಬೆರಳು, ಸರಿ.
ರಿಕಾಪಿನ ಉದ್ದಕ್ಕೆ ನಿಮ್ಮ ತೋಳೇ ಅಳತೆಗೋಲು,
ಕಂಕುಳಿಗೆ ತಾಗಿದರೆ ಸಾಕು.
ಕೊಂಬು ಹಿಡಿಯಬಾರದೆಂದು ಯಾರು ಹೇಳಿದರು? ಹಿಡಿಯಿರಿ.
ಇಳಿಜಾರಿನಲ್ಲಿ ಮಾನಕ್ಕಿಂತ ಬೆನ್ನುಮೂಳೆ ದೊಡ್ಡದು.

ನಿಮಗೆ ಹಿತವಾಯಿತು. ಅದು ಅರ್ಧ ವ್ಯಾಪಾರ.
ಉಳಿದರ್ಧ ಹೊರಗೆ, ಟ್ರೇಲರಿನಲ್ಲಿ ಹುಲ್ಲು ಅಗಿಯುತ್ತಿದೆ.
ಬಸ್ಸಿಗೆ ನೀವು ಭಾರವಾಗಿರಲಿಲ್ಲ; ಇವಳಿಗೆ ಆಗುತ್ತೀರಿ.
ಕಂಬಳಿಯಿಲ್ಲದೆ ಇಡೋಣ. ಹೆಗಲ ದಿಬ್ಬದ ಮೇಲೆ
ಬೆರಳು ತೂರಿಸಿ. ಒಂದು. ಎರಡು.
ಮೂರನೆಯದು ಸಿಕ್ಕಿಕೊಂಡಿತೇ?
ತೆಗೆಯಿರಿ. ಈ ಜೀನು ನಿಮಗೆ ಹಿತ, ನನ್ನ ಅಂಗಡಿ ಬಾಡಿಗೆಗೂ ಹಿತ,
ಅವಳ ಮೂಳೆಗೆ ಹಿತವಿಲ್ಲ.

ತಡೆಯಿರಿ, ಹಿಂದಿನ ಕೋಣೆಯಲ್ಲೊಂದಿದೆ.
ನನ್ನ ಇಗ್ನಾಸಿಯಾಳದು, ಅಂಚಿಗೆ ಎರಡು ತೇಪೆ,
ಸೀಟಿನಲ್ಲಿ ಇನ್ನೂ ಅವಳ ಹದಿನಾರು ವರ್ಷದ ಗುಳಿ.
ತೂರಿಸಿ ಈಗ. ಹೋಯಿತಲ್ಲ, ಮೂರೂ!
ಕಿವಿ ನೋಡಿ, ಸಡಿಲ ಬಿಟ್ಟಳು.
ಮೂರು ಬೆರಳಿನಷ್ಟು ಗಾಳಿ ಇದ್ದರೆ
ಹೊರುವವರೂ ಕೂರುವವರೂ ದೂರ ಹೋಗಬಹುದು.
ಮದುವೆಗೂ ಇದೇ ಲೆಕ್ಕ ಎನ್ನುತ್ತಿದ್ದಳು ಫಿಲೋಮೆನಾ,
ನನ್ನನ್ನು ಅಂಗಡಿಗೆ ಅಟ್ಟುತ್ತ.

ಇಲ್ಲ, ಟೋಪಿ ಆಮೇಲೆ. ಟೋಪಿ ಬಿಸಿಲಿಗೆ, ಫೋಟೋಗೆ.
ನೆಲಕ್ಕೆ ಈ ಹೆಲ್ಮೆಟ್ಟು.
ಹೌದು, ಅಣಬೆಯ ಹಾಗೆ ಕಾಣುತ್ತೀರಿ.
ಅಣಬೆಯಾಗಿಯೇ ಮನೆಗೆ ಬನ್ನಿ.

ಏನಂದಿರಿ? ನನ್ನದೆಲ್ಲಿ ಎಂದೇ?

ಗೂಟದಲ್ಲಿರುವ ಆ ಫೆಲ್ಟ್ ಟೋಪಿ ನನ್ನದು.
ಅಪ್ಪನೂ ಅಂಥದ್ದೇ... ಅರವತ್ತೆಂಟು ವರ್ಷದ ತಲೆ,
ಗಟ್ಟಿಯಾಗಿದೆ ಅಂದುಕೊಂಡಿದ್ದೆ.
ಹಾಗೆ ನೋಡಬೇಡಿ ವರ್ನಾ.
ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಪುಂಡರನ್ನು
ಮಾತಿಲ್ಲದೆ ಕೂರಿಸುತ್ತಿದ್ದ ನೋಟ ಅದು,
ನನ್ನ ಮಕ್ಕಳು ಮನೆಗೆ ಬಂದು ನಟಿಸಿ ತೋರಿಸುತ್ತಿದ್ದರು.

ಸರಿ. ಕೊಡಿ ಇಲ್ಲಿ, ಕಪ್ಪಗಿರುವುದು, ದೊಡ್ಡ ಅಳತೆಯದು.
ಗದ್ದದ ಪಟ್ಟಿ... ನೀವೇ ಕಟ್ಟಿ, ನನಗೆ ಕಾಣುತ್ತಿಲ್ಲ.
ಬಿಲ್ಲಿನಲ್ಲಿ ಬರೆಯಬೇಡಿ, ಇದು ನನ್ನ ಖಾತೆಗೆ.

ಆಂ, ಮರೆತಿದ್ದೆ: ಹೊಟ್ಟೆಪಟ್ಟಿ ಬಿಗಿಯುವಾಗ
ಬಿಸ್ಕೋಚಾ ಉಸಿರು ಹಿಡಿದು ಮೋಸ ಮಾಡುತ್ತಾಳೆ.
ಹತ್ತು ಹೆಜ್ಜೆ ನಡೆಸಿ,
ಮತ್ತೊಮ್ಮೆ ಬಿಗಿದು,
ಆಮೇಲೆ ಹತ್ತಿ.